ಎಣಿಕೆ ದಿನದ ಪಂಡಿತೆ

ಓಹಾಯೋ ನದಿದಂಡೆಯ ಆ ಊರಿನ ಕಾಲೇಜಿನಲ್ಲಿ ನೆರವಿನ ಹಣದ ನಿಯಮಗಳನ್ನು ಬಲ್ಲವರು ಇಬ್ಬರೇ ಎಂದು ಪ್ರತೀತಿ. ಒಬ್ಬಳು ವರ್ನಾ ಸ್ಟೋವಲ್. ಇನ್ನೊಬ್ಬರು ಯಾರೆಂದು ಕಾಲೇಜಿನವರಿಗೇ ಗೊತ್ತಿರಲಿಲ್ಲ.

ವರ್ನಾಳಿಗೆ ನಲವತ್ತಾರು. ಬೆಳಿಗ್ಗೆ ಶಾಲೆಯ ಅಡುಗೆಮನೆಯಲ್ಲಿ ಮುನ್ನೂರು ಮಕ್ಕಳಿಗೆ ಚೀಸ್ ಮೆಕರೋನಿ ಬಡಿಸುವುದು, ಮಧ್ಯಾಹ್ನ ಕಾಲೇಜಿಗೆ ಓಡುವುದು, ಹೀಗೆ ಆರು ವರ್ಷ ಸವೆಸಿದ್ದಳು. ಅವಳಿಗೆ ನರ್ಸ್ ಆಗಬೇಕಿತ್ತು. ಇಪ್ಪತ್ತನಾಲ್ಕೇ ಸೀಟು, ಅವಳಿಗಿಂತ ಮುಂದೆ ಮೂರು ವರ್ಷದ ಸಾಲು. ಈ ವರ್ಷ ಅಂತೂ ಇಪ್ಪತ್ತನಾಲ್ಕನೆಯ ಹೆಸರು ಅವಳದಾಗಿತ್ತು. ಡಿಸೆಂಬರ್ ಒಂದರೊಳಗೆ ದಾಖಲಾಗದಿದ್ದರೆ ಇಪ್ಪತ್ತೈದನೆಯವರ ಪಾಲು.

ಸರ್ಕಾರ ಕೊಡುವ ನೆರವಿನಲ್ಲಿ ಕಾಲೇಜು ತನ್ನ ಶುಲ್ಕ ಮುರಿದುಕೊಂಡು ಮಿಕ್ಕಿದ್ದನ್ನು ವಿದ್ಯಾರ್ಥಿಯ ಕೈಗಿಡುತ್ತದೆ. ಅದಕ್ಕೆ ರೀಫಂಡ್ ಎಂದು ಹೆಸರು, ಯಾರೂ ಮೊದಲು ಒಂದು ಕಾಸೂ ಕಟ್ಟಿರದಿದ್ದರೂ. ಅದು ಕೈಗೆ ಬರುವ ವಾರ ಊರಿಗೆ ಹಬ್ಬ. ಟೈರ್ ಅಂಗಡಿಯವನು ರಿಯಾಯಿತಿ ಬೋರ್ಡು ತೂಗುಹಾಕುತ್ತಾನೆ. ಕಾಲೇಜಿನ ಕ್ಯಾಲೆಂಡರು ಅವನಷ್ಟು ಚೆನ್ನಾಗಿ ಪ್ರಿನ್ಸಿಪಾಲರಿಗೂ ತಿಳಿಯದು. ಆಮೇಲೆ ಎಣಿಕೆ ದಿನ ಬರುತ್ತದೆ. ಅವತ್ತು ನಿಮ್ಮ ಹೆಸರಿನಲ್ಲಿ ಎಷ್ಟು ಪಾಠಗಳಿವೆಯೋ ಅಷ್ಟಕ್ಕೇ ನೆರವು. ಕಡಿಮೆ ಇದ್ದರೆ ಕೊಟ್ಟದ್ದನ್ನು ಕಕ್ಕಬೇಕು.

ನೆರವಿನ ಕೌಂಟರಿನ ಸಾಲಿನಲ್ಲಿ ನಿಂತ ಗುರುತಿಲ್ಲದವರಿಗೂ ವರ್ನಾ ಪುಕ್ಕಟೆ ಉಪದೇಶ ಮಾಡುತ್ತಿದ್ದಳು: ಎಣಿಕೆ ದಿನ ಕಳೆಯುವವರೆಗೆ ಪಾಠ ಬಿಡಬೇಡಿ, ರೀಫಂಡ್ ಮುಟ್ಟಬೇಡಿ, ಸಾಲದ ಕಾಗದವನ್ನಂತೂ ಮೂಸಿಯೂ ನೋಡಬೇಡಿ. ಕೇಳಿದವರು ಬದುಕಿಕೊಂಡರು. ಹೇಳಿದವಳು ಮಾತ್ರ ಗುಂಡಿಗೆ ಬಿದ್ದಳು.

ಸಂಖ್ಯಾಶಾಸ್ತ್ರದ ಮೇಷ್ಟ್ರು ಎರಡು ಗಂಟೆ ದಾಟಿದೊಡನೆ ಬಾಗಿಲಿಗೆ ಚಿಲಕ ಹಾಕುವ ಮಹಾನುಭಾವ. ವರ್ನಾ ಪಾತ್ರೆ ತೊಳೆದು ಬರುವಷ್ಟರಲ್ಲಿ ಎರಡೂ ಐದು. ಅದೇ ಪಾಠ ಅಕ್ಟೋಬರಿನಲ್ಲಿ ಸಂಜೆಗೂ ಶುರುವಾಗುವುದಿತ್ತು. ಎಣಿಕೆಗೆ ಮುಂಚಿನ ಶುಕ್ರವಾರ ಮಧ್ಯಾಹ್ನದ ಪಾಠ ಬಿಟ್ಟಳು. ಸಂಜೆಯದನ್ನು ಸೇರಲು ಕಾಲೇಜಿನ ಸಲಹೆಗಾರರ ಸಹಿ ಬೇಕು. ಅವರು ಶುಕ್ರವಾರ ಊಟಕ್ಕೆ ಹೋದರೆ ಸೋಮವಾರವೇ ಹಿಂತಿರುಗುವುದು. ಎಣಿಕೆ ಭಾನುವಾರವಿತ್ತು. ಕಾಲೇಜಿಗೆ ಬೀಗ ಬಿದ್ದಿರುವ ದಿನ ಯಾರು ಎಣಿಸುತ್ತಾರೆ, ಸೋಮವಾರಕ್ಕೆ ಹೋಗುತ್ತದೆ ಎಂದು ಪಂಡಿತೆ ತೀರ್ಪು ಕೊಟ್ಟುಕೊಂಡಳು. ಟೈರಿನ ರಿಯಾಯಿತಿ ಶನಿವಾರಕ್ಕೆ ಮುಗಿಯುತ್ತಿದ್ದರಿಂದ ರೀಫಂಡ್ ಹಣದಲ್ಲಿ ತನ್ನ ಕಾರಿನ ನಾಲ್ಕೂ ಚಕ್ರಕ್ಕೆ ಹೊಸ ಟೈರು ಹಾಕಿಸಿದಳು.

ಕಂಪ್ಯೂಟರಿಗೆ ಭಾನುವಾರ ಚರ್ಚೂ ಇಲ್ಲ, ರಜೆಯೂ ಇಲ್ಲ. ಅದು ಎಣಿಸಿತು. ನವೆಂಬರಿನಲ್ಲಿ ಪತ್ರ ಬಂತು: ಆರುನೂರ ಹನ್ನೊಂದು ಡಾಲರ್ ಬಾಕಿ, ಕಟ್ಟುವವರೆಗೆ ಮುಂದಿನ ದಾಖಲಾತಿ ಬಂದ್.

ಕೌಂಟರಿನಲ್ಲಿ ಲೂಆ್ಯನ್ ಇದ್ದಳು. ಹತ್ತೊಂಬತ್ತು ವರ್ಷದಿಂದ ಅದೇ ಕುರ್ಚಿ, ಅದೇ ಸ್ವೆಟರು.

"ಸೋಮವಾರ ಬೆಳಿಗ್ಗೆ ಎಂಟಕ್ಕೇ ಸಂಜೆ ಪಾಠಕ್ಕೆ ಸೇರ್ಕೊಂಡಿದೀನಲ್ಲೇ," ಎಂದಳು ವರ್ನಾ. "ಪಾಠ ಅಷ್ಟೇ ಇದೆ, ಒಂದೂ ಕಮ್ಮಿ ಆಗಿಲ್ಲ."

"ಭಾನುವಾರ ಕಮ್ಮಿ ಇತ್ತು ಕಣೇ."

"ಭಾನುವಾರ ಇಲ್ಲಿ ಯಾರಿದ್ರು?"

"ಯಾರೂ ಇರ್ಲಿಲ್ಲ. ಅದಕ್ಕೇ ತಪ್ಪು ನಡೀಲಿಲ್ಲ," ಎಂದಳು ಲೂಆ್ಯನ್, ಬೇಸರವಿಲ್ಲದೆ.

ಮೇಲ್ಮನವಿಗೆ ಉತ್ತರ ಬರುವುದು ಜನವರಿಯಲ್ಲಿ. ಅಡುಗೆಮನೆಯ ಸಂಬಳ ಬಾಡಿಗೆಗೇ ಸಾಲದು. ಉಳಿದ ದಾರಿಯೆಂದರೆ ಕಾಲೇಜಿನ ಮೂಲಕ ಬರುವ ಸಾಲದ ಕಾಗದ, ಅದೂ ಹದಿನೇಳುನೂರ ಐವತ್ತಕ್ಕಿಂತ ಕಡಿಮೆ ಇಲ್ಲವಂತೆ. ಆರು ವರ್ಷ ಊರಿಗೆಲ್ಲ ಬೇಡವೆಂದು ಸಾರಿದ ಕಾಗದಕ್ಕೆ ವರ್ನಾ ತುಟಿ ಕಚ್ಚಿಕೊಂಡು ಸಹಿ ಹಾಕಿದಳು.

ನವೆಂಬರ್ ಇಪ್ಪತ್ತೆಂಟಕ್ಕೆ ಬಾಕಿ ತೀರಿತು. ಇಪ್ಪತ್ತನಾಲ್ಕನೆಯ ಸೀಟಿನಲ್ಲಿ ಅವಳ ಹೆಸರು ಕೂತಿತು. ವಾರದಲ್ಲೇ ಕಾಲೇಜಿನಿಂದ ಅಭಿನಂದನೆಯ ಒಕ್ಕಣೆಯೊಂದಿಗೆ ಚೆಕ್ಕು ಬಂತು: ಸಾಲದಲ್ಲಿ ಮಿಕ್ಕ ಸಾವಿರದ ನೂರ ಮೂವತ್ತೊಂಬತ್ತು ಡಾಲರ್, ಹೆಸರು ರೀಫಂಡ್. ಅಡುಗೆಮನೆಯ ಜೊತೆಗಾತಿ ಡಾಟಿ ಅದನ್ನು ನೋಡಿ, ಕಾಲೇಜಿಗೆ ಬುದ್ಧಿ ಬಂತು, ತಪ್ಪೊಪ್ಪಿಕೊಂಡು ದುಡ್ಡು ಕಳಿಸಿದೆ ಎಂದು ಕುಣಿದಳು. ಹೊಸ ಟಿವಿ ಕೊಳ್ಳುವ ಸಲಹೆಯನ್ನೂ ಕೊಟ್ಟಳು.

ಮರುದಿನ ವರ್ನಾ ಚೆಕ್ಕನ್ನು ಕೌಂಟರಿನ ಮೇಲಿಟ್ಟಳು. ಇದು ನನಗೆ ಬೇಡ, ಸಾಲಕ್ಕೇ ಮುರಿದುಕೊಳ್ಳಿ ಎಂದಳು. ಲೂಆ್ಯನ್ ಮೊದಲ ಸಲ ಕುರ್ಚಿಯಿಂದೆದ್ದಳು. ಒಂದು ಡ್ರಾಯರು ಎಳೆದಳು, ಇನ್ನೊಂದು ಎಳೆದಳು.

"ವಾಪಸ್ ತಗೊಳ್ಳೋಕೆ ನಮ್ಮಲ್ಲಿ ಅರ್ಜಿನೇ ಇಲ್ವಲ್ಲೇ. ಇಷ್ಟು ವರ್ಷದಲ್ಲಿ ಯಾರೂ ತಂದಿಲ್ಲ."

ವರ್ನಾ ಬಾಕಿ ಪತ್ರದ ಹಿಂಬದಿಯಲ್ಲೇ ಹೆಸರು, ಮೊತ್ತ, ತಾರೀಖು ಬರೆದು ಅಡ್ಡಗೆರೆ ಎಳೆದು, ಅರ್ಜಿ ತಾನೇ ತಯಾರಿಸಿಕೊಟ್ಟಳು. ಲೂಆ್ಯನ್ ಅನುಮಾನಿಸುತ್ತಲೇ ಮೊಹರು ಒತ್ತಿದಳು. ಒಂದು ಭಾನುವಾರದ ಆರುನೂರ ಹನ್ನೊಂದು ಡಾಲರ್ ಮಾತ್ರ ಬಡ್ಡಿ ಸಮೇತ ವರ್ನಾಳ ತಲೆಯ ಮೇಲೆ ಉಳಿಯಿತು.

ಹಿಂದೆ ನಿಂತಿದ್ದ ಹೆಂಗಸು, ದುಡ್ಡು ಕಡಿಮೆ ಬಂತಾ ಎಂದು ಮೆಲ್ಲಗೆ ವಿಚಾರಿಸಿದಳು.

"ಜಾಸ್ತಿ ಬಂತು ಕಣಮ್ಮ," ಎಂದಳು ವರ್ನಾ. "ಹೆದರಿಕೆ ಆಯ್ತು."

ಆ ಹೆಂಗಸು ಅವಳನ್ನು ಮೇಲಿಂದ ಕೆಳಗೆ ನೋಡಿ, ಚೀಲವನ್ನು ಎದೆಗವಚಿಕೊಂಡು ಒಂದು ಹೆಜ್ಜೆ ದೂರ ಸರಿದಳು.