ಜೇಬಿನ ಮೇಲಿನ ಹಂಸ

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಆದೋನಿಯ ಸರ್ಕಾರಿ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರ. ಸಂಜೆ ಹೊತ್ತು ಅಂಗಡಿಗಳಿಗೆ, ಹತ್ತಿ ಗಿರಣಿಗಳಿಗೆ ಬೋರ್ಡು ಬರೆಯುತ್ತಿದ್ದೆ. ಗಿರಣಿಯವರಿಗೆ ಹೆಸರು ದೊಡ್ಡದಾಗಿ ಕಂಡರೆ ಸಾಕು, ಚಹಾ ಕುಡಿಸಿ ಕಳಿಸುತ್ತಿದ್ದರು. ನನ್ನ ತಲೆ ತಿಂದವರು ಶಾಲೆಯವರು.

ಊರಲ್ಲಿ ಹೊಸದಾಗಿ ಒಂದು ಇಂಗ್ಲಿಷ್ ಮೀಡಿಯಂ ಶಾಲೆ ಶುರುವಾಗಿತ್ತು. ಅದನ್ನು ಕಟ್ಟಿಸಿ ನಡೆಸುತ್ತಿದ್ದ ಯಜಮಾನರನ್ನು ಎಲ್ಲರೂ ಕರೆಸ್ಪಾಂಡೆಂಟರು ಎನ್ನುತ್ತಿದ್ದರು. ಪತ್ತಿಕೊಂಡದ ಕಡೆಯವರು. ಒಂದು ದಿನ ನನ್ನನ್ನು ಕರೆಸಿ, "ನಮ್ಮ ಶಾಲಿಗೊಂದು ಗುರುತು ಬೇಕು ಮಾಸ್ತರೇ. ಬೋರ್ಡಿಗೂ ಅದೇ, ಮಕ್ಕಳ ಜೇಬಿಗೂ ಅದೇ," ಅಂದರು.

ನಾಲ್ಕು ದಿನ ಕೂತು ಮಕ್ಕಳು ಬರೆಯುವ ಪಾಟಿಯ, ಅಂದರೆ ಸ್ಲೇಟಿನ, ಚಿತ್ರ ಬರೆದೆ, ಅದರೊಳಗೆ ಒಂದೇ ಒಂದು 'ಅ'. ನಮ್ಮೂರಲ್ಲಿ ತೆಲುಗಿನವರೂ ಕನ್ನಡದವರೂ ಜಗಳವಿಲ್ಲದೆ ಓದುವ ಅಕ್ಷರ ಅದು. ನನಗೆ ಬಹಳ ಹಿಡಿಸಿತ್ತು.

ಕರೆಸ್ಪಾಂಡೆಂಟರು ಹಾಳೆಯ ಹಿಂಬದಿಯನ್ನೂ ತಿರುಗಿಸಿ ನೋಡಿದರು. "ಇಂತೇನಾ? ಇಷ್ಟೇನಾ? ದೀಪ ಎಲ್ಲೈತಿ? ಇಂಗ್ಲಿಷ್ ಶಾಲಿಗೆ ಅ ಯಾಕ್ರಿ?"

ದೀಪ ಬರೆದುಕೊಂಡು ಹೋದೆ. ಅಷ್ಟೊತ್ತಿಗೆ ಶಾಲೆಯ ಕಮಿಟಿಗೆ ಒಬ್ಬ ಆಚಾರ್ಯರು ಸೇರಿದ್ದರು. ಸಂಸ್ಕೃತ ಪಂಡಿತರು, ತುಂಬ ಮೆತ್ತಗೆ ಮಾತಾಡುವವರು. ಮೆತ್ತಗೆ ಹೇಳಿದ್ದನ್ನು ಬಿಡದೆ ಮಾಡಿಸುವವರು ಕೂಡ. "ದೀಪ ಇದ್ದಮ್ಯಾಲೆ ಹಂಸ ಬೇಕಲ್ಲಪ್ಪ," ಅಂದರು. ಹಂಸ ಬಂತು. ಹಂಸದ ಕೆಳಗೆ ಪುಸ್ತಕ. ಪುಸ್ತಕದ ಹಿಂದೆ ಹುಟ್ಟುವ ಸೂರ್ಯ. ಕರೆಸ್ಪಾಂಡೆಂಟರಿಗೆ ಭೂಗೋಳ ನೆನಪಾಯಿತು, ಆಮೇಲೆ ಆದೋನಿಯ ಗುಡ್ಡ, ಅದರ ಬುಡಕ್ಕೆ ಹತ್ತಿಕಾಯಿ. ಪ್ರತಿ ಸಲವೂ "ಇದೊಂದೇ, ಇನ್ನೇನಿಲ್ಲ" ಅನ್ನುತ್ತಿದ್ದರು.

ಎಲ್ಲ ಮುಗಿಯಿತು ಅಂದುಕೊಂಡಾಗ ಆಚಾರ್ಯರು ಕನ್ನಡಕ ಒರೆಸಿಕೊಂಡರು. "ಶಾಲಿ ಬಾಗಿಲು ಪೂರ್ವಕ್ಕೈತಿ. ನಿನ್ನ ಹಂಸ ಎಡಕ್ಕ ನೋಡ್ತೈತಿ. ಬೋರ್ಡು ಏರಿಸಿದ್ರ ಅದರ ಮಾರಿ ದಕ್ಷಿಣಕ್ಕಾಗ್ತೈತಲ್ಲಪ್ಪ."

ಜೇಬಿನ ಮೇಲಿನ ಹಂಸ ಮಕ್ಕಳು ತಿರುಗಿದ ಕಡೆಗೆಲ್ಲ ತಿರುಗುತ್ತದಲ್ಲ, ಅದಕ್ಕೇನು ಮಾಡೋಣ ಎಂದು ಕೇಳಬೇಕೆನ್ನಿಸಿತು. ಹಾಳೆ ಸುತ್ತಿಕೊಂಡು ಮನೆಗೆ ಬಂದು ಹಂಸವನ್ನು ಬಲಕ್ಕೆ ತಿರುಗಿಸಿ ಎಲ್ಲವನ್ನೂ ಮೊದಲಿನಿಂದ ಬರೆದೆ. ನನ್ನ ಹೆಂಡತಿ ಅದನ್ನು ನೋಡಿ, ಇದೇನು ಸಂತೆಯ ಚಿತ್ರವೇ ಎಂದಳು.

ಬೋರ್ಡು ಏರಿತು. ಸಮವಸ್ತ್ರದ ಕೆಲಸ ಒಬ್ಬ ದರ್ಜಿಗೆ ಹೋಯಿತು. ಆಗಸ್ಟ್ ಹದಿನೈದಕ್ಕೆ ಮಕ್ಕಳು ಹೊಸ ಅಂಗಿ ತೊಟ್ಟು ಸಾಲಾಗಿ ನಿಂತರು. ನಮ್ಮ ಹೈಸ್ಕೂಲಿನ ಬಾವುಟ ಮುಗಿಸಿ ನಾನೂ ಅಲ್ಲಿಗೆ ಹೋಗಿದ್ದೆ. ಬಾವುಟ ಏರಿಸಿ ಬಂದ ಕರೆಸ್ಪಾಂಡೆಂಟರು ಒಂದು ಜೇಬಿಗೆ ಬಗ್ಗಿದರು, ಇನ್ನೊಂದಕ್ಕೆ ಬಗ್ಗಿದರು, ನನ್ನನ್ನು ಕರೆದರು.

"ಗುಡ್ಡ ಎಲ್ಲಿ ಹೋಯ್ತು ಮಾಸ್ತರೇ?"

ಗುಡ್ಡ ನಾನೇ ಕದ್ದ ಹಾಗೆ ಕೇಳಿದರು. ನೋಡಿದರೆ ಜೇಬುಗಳ ಮೇಲೆ ಗುಡ್ಡವೂ ಇಲ್ಲ, ಸೂರ್ಯನೂ ಇಲ್ಲ. ನೀಲಿ ದಾರದಲ್ಲಿ ಒಂದು ಹಂಸ, ಅದರ ಕೆಳಗೆ ತೆರೆದ ಪುಸ್ತಕ, ಅಷ್ಟೇ.

ಸಿಟ್ಟಿನಲ್ಲೇ ದರ್ಜಿಯ ಮನೆಗೆ ಹೋದೆ. ಆತ ತಲೆ ತುರಿಸಿಕೊಂಡ. "ನಾ ಏನ್ ಮಾಡ್ಲಿ ಸಾಬ್, ಕಸೂತಿ ಹಾಕಿದಾಕಿ ನಮ್ಮ ಮನಿಯಾಕಿ."

ಪರದೆಯ ಆಚೆಯಿಂದ ಆಕೆಯೇ ಮಾತಾಡಿದಳು. "ಮೊದ್ಲು ಎಲ್ಲಾ ಹಾಕ್ದೆ ಮಾಸ್ತರ್ ಸಾಬ್. ಗಂಟುಗಂಟಾಗಿ ಸುಟ್ಟ ರೊಟ್ಟಿ ಹಂಗ ಕಂಡ್ತು. ಬಿಚ್ಚಿಬಿಟ್ಟೆ. ಇಷ್ಟು ಸಾಮಾನು ಮಕ್ಕಳ ಎದಿ ಮ್ಯಾಲೆ ಯಾಕ್ರಿ?"

ಉಳಿದಿದ್ದ ಒಂದು ಜೇಬನ್ನು ಪರದೆಯ ಕೆಳಗಿನಿಂದ ಸರಿಸಿದಳು. ಹಂಸದ ಕೊರಳು ಒಂದೇ ಎಳೆಯಲ್ಲಿ ಏರಿ ಬಾಗಿತ್ತು. ನಾನು ಬರೆದ ಕೊರಳು ಹೂಜಿಯ ಹಿಡಿಯಂತಿತ್ತು, ಅದು ನನಗೆ ಗೊತ್ತಿತ್ತು. ಆ ಜೇಬನ್ನು ತಂದು ಕಮಿಟಿಯ ಮೇಜಿನ ಮೇಲಿಟ್ಟೆ.

"ಇದಕ್ಕಿಂತ ಹೆಚ್ಚು ಇದರಾಗ ಹಿಡಿಯೋದಿಲ್ರಿ. ಬೇಕಾದ್ರ ಜೇಬು ದೊಡ್ಡದು ಮಾಡಿಸ್ರಿ," ಅಂದೆ. ಅಷ್ಟು ದಿನಗಳಲ್ಲಿ ನಾನು ಏರುದನಿಯಲ್ಲಿ ಮಾತಾಡಿದ್ದು ಅದೊಂದೇ ಸಲ.

ಆಚಾರ್ಯರು ಜೇಬನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಹಂಸ ಚಂದೈತಿ," ಅಂದರು. "ಬಲಕ್ಕೇ ನೋಡ್ತೈತಿ."

"ಹಂಗಾದ್ರ ಬೋರ್ಡು ಬದಲಾಯಿಸ್ರಿ," ಅಂದರು ಕರೆಸ್ಪಾಂಡೆಂಟರು. ಗುಡ್ಡ ಬೇಕೆಂದವರು ತಾವೇ ಎಂಬುದು ಅವರಿಗೆ ಮರೆತೇ ಹೋಗಿತ್ತು.

ಮರುದಿನ ಬಿಸಿಲಲ್ಲಿ ಏಣಿ ಹತ್ತಿ ನನ್ನ ಕೈಯಾರೆ ಬರೆದದ್ದಕ್ಕೆ ಬಿಳಿ ಬಣ್ಣ ಬಳಿದೆ. ಬಣ್ಣ ಒಣಗಿದ ಮೇಲೆ ಜೇಬನ್ನು ಎದುರಿಗೆ ಸಿಕ್ಕಿಸಿಕೊಂಡು ಹಂಸ ಬರೆಯಲು ಕೂತೆ. ಆ ಕೊರಳು ನನ್ನ ಕುಂಚಕ್ಕೆ ಎರಡು ಸಲ ಬರಲಿಲ್ಲ, ಒರೆಸಿದೆ. ಮೂರನೇ ಸಲ ಸುಮಾರಾಗಿ ಬಂತು.

ಆಮೇಲೆ ಬೇರೆ ಶಾಲೆಯವರು ಬಂದು, ಆ ಹಂಸ ಬರೆದವರು ನೀವೇ ಅಲ್ಲೇನ್ರಿ ಎಂದು ಕೇಳುತ್ತಿದ್ದರು. ಒಂದೆರಡು ಸಲ ದರ್ಜಿಯ ಹೆಂಡತಿಯ ವಿಷಯ ಹೇಳಿದೆ. ತಮಾಷೆ ಮಾಡುತ್ತಿದ್ದೇನೆ ಎಂದುಕೊಂಡರು. ಆಮೇಲೆ ಹೇಳುವುದನ್ನು ಬಿಟ್ಟೆ.