ಖರೇ ಮಾತಿನ ಇಂಗ್ಲಿಷ್ ಕ್ಲಾಸು

ಮೊನ್ನೆ ವಿಜಯಪುರದ ಗುಜರಿ ಅಂಗಡಿಯ ಮುಂದೆ ಹಾದುಹೋಗುವಾಗ ಟೈಪ್‌ರೈಟರ್ ರಿಬ್ಬನ್ನಿನ ವಾಸನೆ ಮೂಗಿಗೆ ಬಡಿಯಿತು. ಮಸಿ, ಎಣ್ಣೆ, ಕಬ್ಬಿಣ... ಅದರ ಬೆನ್ನಿಗೇ ಸಿಂದಗಿಯ ನಮ್ಮ ಇಂಗ್ಲಿಷ್ ಸರ್ ನೆನಪಾದರು.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಪುಣೆಯ ನೌಕರಿ ಬಿಟ್ಟು ಬಂದ ಸರ್, ಊರಿನ ಟೈಪಿಂಗ್ ಕ್ಲಾಸಿನ ಮಾಳಿಗೆಯ ಮೇಲೆ ಬೇರೆಯೇ ಒಂದು ಇಂಗ್ಲಿಷ್ ಕ್ಲಾಸು ತೆರೆದರು. ದೊಡ್ಡ ಊರಿನ ಕಚೇರಿಗಳಿಗೆ ಕಂಪ್ಯೂಟರ್‌ಗಳು ಬಂದಿವೆ, ಅವಕ್ಕೆ ಲೆಕ್ಕ ಉಣಿಸಲು ಮಷೀನಿನಿಂದ ಕಾರ್ಡುಗಳಲ್ಲಿ ತೂತು ಹೊಡೆಯುವವರು ಬೇಕು, ಅವರಿಗೆ ಇಂಗ್ಲಿಷೂ ಇರಬೇಕು, ನಡತೆಯೂ ಇರಬೇಕು ಎನ್ನುತ್ತಿದ್ದರು. ವ್ಯಾಕರಣದ ಪಾಠಕ್ಕೊಂದು ನೀತಿ. 'ಐ ಸ್ಪೀಕ್ ದ ಟ್ರೂತ್' ಎಂದು ನಾವೆಲ್ಲ ಕೂಗಬೇಕು. ತಪ್ಪಿದರೆ ಬೆರಳ ಗಿಣ್ಣಿನ ಮೇಲೆ ಅಡಿಪಟ್ಟಿಯ ಏಟು. ಆದರೂ ಎಷ್ಟು ಚೆಂದ ಕಲಿಸುತ್ತಿದ್ದರು...

ಅಲ್ಲಿ ಹುಡುಗಿ ಎಂದರೆ ಕನ್ನೊಳ್ಳಿಯಿಂದ ಬರುತ್ತಿದ್ದ ನಾನೊಬ್ಬಳೇ. "ನೌಕರಿ ಸಿಕ್ಕರ ಚಲೋ, ಇಲ್ಲಾಂದ್ರ ಈ ವರ್ಷ ಲಗ್ನ," ಎಂದು ಅಪ್ಪ ಹೇಳಿಬಿಟ್ಟಿದ್ದ.

ಕಡೆಗೆ ಪುಣೆಯ ಕಂಪನಿಯೊಂದರ ಸಾಹೇಬರು ನಮ್ಮನ್ನು ನೌಕರಿಗೆ ಆರಿಸಲು ಬಂದರು. ಹಿಂದಿನ ದಿನವೇ ಸರ್ ತಾಕೀತು ಮಾಡಿದ್ದರು: "ಮಷೀನ್ ಮ್ಯಾಲೆ ಕೆಲಸ ಮಾಡೇವಿ ಅನ್ರಿ." ನಾವು ಕಂಡಿದ್ದು ಅವರು ಬೋರ್ಡಿನ ಮೇಲೆ ಬರೆದ ಚಿತ್ರವನ್ನಷ್ಟೇ. ಮಷೀನ್ ಮೇಲೆ ಕೆಲಸ ಮಾಡಿದ್ದೀಯಾ ಎಂದು ಸಾಹೇಬರು ಮೊದಲು ನನ್ನನ್ನೇ ಕೇಳಿದರು. ನಾಲಿಗೆ ತಾನಾಗಿ ಹೊರಳಿತು: "ನೋ ಸರ್. ಐ ಹ್ಯಾವ್ ಸೀನ್ ಓನ್ಲಿ ಎ ಪಿಕ್ಚರ್."

ಸಾಹೇಬರು ಉಳಿದವರನ್ನು ಕೇಳಲೇ ಇಲ್ಲ. ಎದ್ದು ಹೋದರು.

ಸರ್ ನನ್ನನ್ನು ಬೆಂಚಿನ ಮೇಲೆ ನಿಲ್ಲಿಸಿ ಅಪ್ಪನನ್ನು ಕರೆಸಿದರು.

"ನೀವ ಕಲಿಸಿದ್ರಲ್ರಿ ಸರ್, ಖರೇ ಮಾತಾಡ್ರಿ ಅಂತ," ಎಂದೆ.

ಅವರು ನಕ್ಕರು. "ಅದು ವ್ಯಾಕರಣ, ಹುಚ್ಚಿ! ಹಂಗ ಬದುಕು ಅಂತ ಯಾರು ಹೇಳಿದ್ರು ನಿನಗ?"

ಕ್ಲಾಸೆಲ್ಲ ನಕ್ಕಿತು. ಅಪ್ಪನೂ ನಕ್ಕ. ಸರ್ ಅವನತ್ತ ತಿರುಗಿದರು. "ಇಕಿಗೆ ಓದು ಹತ್ತಂಗಿಲ್ರಿ. ಲಗ್ನಾ ಮಾಡಿ ಕಳಸ್ರಿ. ಅತ್ತಿ ಮನ್ಯಾಗ ನೆಟ್ಟಗ ಆಗ್ತಾಳ."

ಆ ಬೇಸಿಗೆಯಲ್ಲೇ ನನ್ನನ್ನು ನಾಲತವಾಡಕ್ಕೆ ಕೊಟ್ಟರು. ಮದುವೆಗೆ ಸರ್ ಬಂದಿದ್ದರು. ಹೋಳಿಗೆ ಹಾಕಿಸಿಕೊಂಡು ಉಂಡರು. ಅಕ್ಷತೆ ಹಾಕುತ್ತ, ಗಂಡನಿಗೆ ಯಾವತ್ತೂ ಸುಳ್ಳು ಹೇಳಬೇಡ ಎಂದು ಇಂಗ್ಲಿಷಿನಲ್ಲೇ ಹರಸಿದರು. ಅತ್ತೆ ಮನೆಯಲ್ಲಿ ನಾನು ಮೊದಲು ಕಲಿತದ್ದು ಬಾಯಿ ಮುಚ್ಚಿಕೊಂಡಿರುವುದನ್ನು.

ಸರ್ ತೀರಿಕೊಂಡು ಬಹಳ ವರ್ಷವಾಯಿತು. ಸುದ್ದಿ ಬಂದಾಗ ನಾನು ರೊಟ್ಟಿ ಬಡಿಯುತ್ತಿದ್ದೆ, ಬಡಿಯುತ್ತಲೇ ಇದ್ದೆ. ಅಷ್ಟು ಚೆಂದ ಕಲಿಸುವವರು ನನಗೆ ಮತ್ತೆ ಸಿಗಲಿಲ್ಲ ಎಂಬುದೂ ನಿಜ...

ನಿನ್ನೆ ಮೊಮ್ಮಗಳು ಪುಸ್ತಕ ಹಿಡಿದು ಬಂದಳು. "ಅಜ್ಜಿ, ನಿನಗ ಇಂಗ್ಲಿಷ್ ಬರ್ತೈತೇನ?"

"ಇಲ್ಲವ್ವಾ," ಎಂದೆ. "ನಾ ಸಾಲಿಗೇ ಹೋಗಿಲ್ಲ."