ಟವರ್ ಇಲ್ಲದ ಕಡೆಗೊಂದು ಫೋನು

ಬಿಡುಗಡೆಗೆ ಇನ್ನೂ ಎರಡು ತಿಂಗಳಿರುವಾಗಲೇ ಆ ಫೋನಿನ ಬಗ್ಗೆ ನನಗೆ ಎಲ್ಲವೂ ಗೊತ್ತಿತ್ತು. ಬ್ಯಾಟರಿ ಎಷ್ಟು, ಬೆನ್ನಿಗೆ ಕ್ಯಾಮೆರಾ ಎಷ್ಟು, ಬಣ್ಣ ಯಾವ್ಯಾವುದು, ನೀರಿಗೆ ಬಿದ್ದರೆ ಎಷ್ಟು ಹೊತ್ತು ತಡೆಯುತ್ತದೆ, ಎಲ್ಲ. ಬೆಲೆಯ ವಿಷಯದಲ್ಲಿ ಮಾತ್ರ ವಿಡಿಯೊ ಪಂಡಿತರಲ್ಲಿ ಒಮ್ಮತ ಇರಲಿಲ್ಲ. ಒಬ್ಬ ಇಪ್ಪತ್ತೈದು ಸಾವಿರದೊಳಗೆ ಅಂದರೆ ಇನ್ನೊಬ್ಬ ಮೂವತ್ತು ದಾಟುತ್ತದೆ ಅನ್ನುತ್ತಿದ್ದ. ನಾನು ಇಬ್ಬರ ನಡುವೆ ಪಂಚಾಯ್ತಿ ಮಾಡಿ ಇಪ್ಪತ್ತೇಳು ಎಂದು ತೀರ್ಪು ಕೊಟ್ಟು, ಕೇಳಿದವರಿಗೂ ಕೇಳದವರಿಗೂ ಅದನ್ನೇ ಹೇಳುತ್ತಿದ್ದೆ.

ಇದಕ್ಕೆಲ್ಲ ಬಸ್ಸೇ ಕಾರಣ. ನನ್ನ ಮನೆ ಕುಮಟೆಯಲ್ಲಿ, ಆಫೀಸು ಭಟ್ಕಳದಲ್ಲಿ. ಹೋಗಲು ಒಂದೂವರೆ ತಾಸು, ಬರಲು ಅದಕ್ಕಿಂತ ಜಾಸ್ತಿ, ನಡುವೆ ಹೊನ್ನಾವರದ ಸ್ಟ್ಯಾಂಡಿನಲ್ಲಿ ಡ್ರೈವರನ ಚಹಾ. ಹೆದ್ದಾರಿ ಅಗಲ ಮಾಡುವ ಕೆಲಸ ಶುರುವಾದಾಗ ನನ್ನ ಮಗಳು ಬಾಲವಾಡಿಗೆ ಹೋಗುತ್ತಿದ್ದಳು. ಅವಳೀಗ ಹತ್ತನೇ ಕ್ಲಾಸು, ರಸ್ತೆ ಇನ್ನೂ ಪಾಸಾಗಿಲ್ಲ. ಕಿಟಕಿ ಪಕ್ಕದ ಸೀಟಿನಲ್ಲಿ ಸಿಕ್ಕಿಬಿದ್ದ ಮನುಷ್ಯ ಮೊಬೈಲು ನೋಡದೆ ಇನ್ನೇನು ಮಾಡಬೇಕು? ಬರಲಿರುವ ಫೋನುಗಳ ಸುದ್ದಿ ನೋಡುತ್ತಾ ನೋಡುತ್ತಾ ನಾನು ನಮ್ಮ ಕಡೆಯ ಫೋನ್ ಪಂಡಿತನಾಗಿಬಿಟ್ಟೆ. ನೆಂಟರು, ಆಫೀಸಿನವರು, ಹುಟ್ಟೂರು ಮಾವಳ್ಳಿಯ ಹಳೇ ಗೆಳೆಯರು, ಯಾರೇ ಫೋನು ಕೊಳ್ಳುವುದಿದ್ದರೂ ಮೊದಲು ನನಗೆ ಕರೆ ಮಾಡುತ್ತಿದ್ದರು. ನನ್ನ ಉತ್ತರ ಯಾವಾಗಲೂ ಒಂದೇ: 'ಈಗ ತಗೊಳ್ಳೋದು ದಡ್ಡತನ, ಸ್ವಲ್ಪ ಕಾಯಿ.' ಇದೇ ಸಲಹೆಯನ್ನು ನನಗೂ ಕೊಟ್ಟುಕೊಂಡು ಮೂರು ವರ್ಷದಿಂದ ಗಾಜು ಒಡೆದ ಫೋನನ್ನೇ ಉಜ್ಜುತ್ತಿದ್ದೆ.

ಆ ಮಳೆಗಾಲದ ಒಂದು ಭಾನುವಾರ ತೆಂಗಿನಗುಂಡಿಯ ತಂಗಿಯ ಮನೆಗೆ ಹೋಗಿದ್ದೆ. ಮೀನುಗಾರಿಕೆಗೆ ನಿಷೇಧವಿರುವ ಎರಡು ತಿಂಗಳು ಅದು, ಬೋಟುಗಳೆಲ್ಲ ಬಂದರಿನಲ್ಲಿ ಕಟ್ಟಿದ್ದವು. ತಂಗಿಯ ಗಂಡ ಜಗಲಿಯಲ್ಲಿ ಬಲೆ ಹರಡಿಕೊಂಡು ಕೂತಿದ್ದ. ಅವನು ಆಳಸಮುದ್ರದ ಬೋಟಿನವನು, ಒಮ್ಮೆ ಹೋದರೆ ಎಂಟೊಂಬತ್ತು ದಿನ ಪತ್ತೆಯಿಲ್ಲ. ಊಟಕ್ಕೆ ಕೂತಾಗ ನಾನು ಅಭ್ಯಾಸಬಲದಿಂದ ಆ ಫೋನಿನ ಪುರಾಣ ತೆಗೆದೆ. ಅದರಲ್ಲಿ ಟವರ್ ಇಲ್ಲದಿದ್ದರೂ ಉಪಗ್ರಹದಿಂದ ನೇರವಾಗಿ ಮಾತಾಡಬಹುದಂತೆ ಎಂದೆ. ಸೀಗಡಿ ಚಟ್ನಿ ಬಡಿಸುತ್ತಿದ್ದ ತಂಗಿಯ ಕೈ ನಿಂತಿತು.

"ಟವರ್ ಇಲ್ದಿದ್ರೂ ಆತದಾ? ಸಮುದ್ರದ ಮಧ್ಯದಲ್ಲೂ?"

"ಸಮುದ್ರ ಎಂತ ಮಾರಾಯ್ತಿ, ಹಿಮಾಲಯದ ತುದಿಗೆ ಹೋದ್ರೂ ಆತದೆ."

"ಗ್ಯಾರಂಟಿಯಾ ಅಣ್ಣ?"

"ಗ್ಯಾರಂಟಿ," ಅಂದೆ. ಗ್ಯಾರಂಟಿ ಕೊಡಲು ನನಗೇನೂ ಖರ್ಚಿರಲಿಲ್ಲ.

ಅವಳು ಯಾಕೆ ಹಾಗೆ ಕೇಳಿದಳೆಂದು ಆ ಹೊತ್ತಿಗೆ ನನ್ನ ತಲೆಗೆ ಹೋಗಲಿಲ್ಲ. ಹೋಗಬೇಕಿತ್ತು. ಹಿಂದಿನ ವರ್ಷ ಅವನ ಬೋಟಿನ ಇಂಜಿನ್ ಕೆಟ್ಟು, ಗಾಳಿ ಎದ್ದು, ಮೂರು ದಿನ ಸುದ್ದಿಯಿರಲಿಲ್ಲ. ಬೋಟಿನಲ್ಲಿ ವಯರ್‌ಲೆಸ್ ಇರುತ್ತದೆ, ಆದರೆ ಅದರ ಮಾತು ಬರುವುದು ಬೋಟಿನ ಧಣಿಗೆ. ಹೆಂಡತಿ ಮಕ್ಕಳು ಧಣಿಯ ಮನೆ ಅಂಗಳಕ್ಕೆ ಹೋಗಿ ನಿಂತು, ಅವರು ಹೊರಗೆ ಬಂದು ಹೇಳುವ ತನಕ ಕಾಯಬೇಕು. ನನ್ನ ತಂಗಿ ಮೂರು ದಿನ ಆ ಅಂಗಳದಲ್ಲಿ ನಿಂತಿದ್ದಳು. ಗಂಡ ಜೀವಂತವಾಗಿ ಮನೆಗೆ ಬಂದ ಮೇಲೆ ಹೇಳಿದ್ದಳಂತೆ, ಇನ್ನು ಆಳಸಮುದ್ರ ಸಾಕು ಎಂದು. ಆ ಸೀಸನ್ ಹೇಗೋ ಮುಗಿಸಿ, ಆಗಸ್ಟಿನಿಂದ ಐಸ್ ಫ್ಯಾಕ್ಟರಿಯ ಕೆಲಸಕ್ಕೆ ಸೇರುವುದೆಂದು ಅವನೂ ಒಪ್ಪಿದ್ದ. ಅಲ್ಲಿ ಅವನಿಗೊಂದು ಜಾಗವನ್ನೂ ಹಿಡಿದಿಟ್ಟಿದ್ದರು.

ಮುಂದಿನ ವಾರ ಅವಳೇ ಫೋನು ಮಾಡಿ ಹೇಳಿದಳು. "ಇವ್ರು ಈ ವರ್ಷವೂ ಬೋಟಿಗೇ ಹೋಗ್ತೇನೆ ಅಂದ್ರು. ಫೋನು ಬತ್ತದಲ್ಲ, ಇನ್ನೆಂತ ಹೆದರಿಕೆ, ಆತು ಅಂದೆ. ಇನ್ನು ಹತ್ತು ದಿನದಲ್ಲಿ ಧಣಿಗೆ ಮಾತು ಕೊಡ್ತಾರೆ." ಧಣಿಗೆ ಮಾತು ಕೊಟ್ಟರೆ ಆಯಿತು, ಹತ್ತು ತಿಂಗಳ ಸೀಸನ್ ಮುಗಿಯುವ ತನಕ ಬಿಟ್ಟು ಬರುವ ಹಾಗಿಲ್ಲ. ಅದು ಅಲ್ಲಿಯ ಕಟ್ಟುಪಾಡು.

ಅವತ್ತಿನಿಂದ ನಾನು ಅದೇ ವಿಡಿಯೊಗಳನ್ನು ಬೇರೆ ಕಣ್ಣಿಂದ ನೋಡತೊಡಗಿದೆ. ಬ್ಯಾಟರಿ, ಬಣ್ಣ, ಬೆಲೆ ಯಾವುದೂ ಬೇಡವಾಯಿತು. ಉಪಗ್ರಹದ ಮಾತು ಬಂದಲ್ಲಿ ಮಾತ್ರ ಕಿವಿಯಲ್ಲಿಟ್ಟ ವಯರನ್ನು ಒತ್ತಿ ಹಿಡಿಯುತ್ತಿದ್ದೆ. ನಾಲ್ಕನೇ ದಿನವೋ ಐದನೇ ದಿನವೋ, ಬಸ್ಸು ಶರಾವತಿ ಸೇತುವೆಯ ಮೇಲೆ ಲಾರಿಗಳ ಸಾಲಿನಲ್ಲಿ ನಿಂತಿತ್ತು. ಮುಂದೆ ಹೋಗುವ ಹಾಗಿಲ್ಲ, ಹಿಂದೆ ಬರುವ ಹಾಗಿಲ್ಲ, ಕೆಳಗೆ ಕೆಂಪು ನೀರು. ಆ ವಿಡಿಯೊದವನು ಎಲ್ಲ ಹೇಳಿ ಮುಗಿಸಿ, ಕೊನೆಗೆ ಬಾಯಿ ಒರೆಸಿಕೊಳ್ಳುವವನ ಹಾಗೆ ಒಂದು ಮಾತು ಸೇರಿಸಿದ: ಈ ಉಪಗ್ರಹದ ಸೌಲಭ್ಯ ನಮ್ಮ ದೇಶಕ್ಕೆ ಬರುವ ಫೋನಿನಲ್ಲಿ ಇರಲಿಕ್ಕಿಲ್ಲ.

ಮೂರು ಸಲ ಹಿಂದೆ ಎಳೆದು ಕೇಳಿದೆ. ಧಣಿಗೆ ಮಾತು ಕೊಡಲು ಇನ್ನೂ ಐದಾರು ದಿನವಿತ್ತು, ಐಸ್ ಫ್ಯಾಕ್ಟರಿಯ ಜಾಗ ಹಾಗೇ ಇತ್ತು. ತಂಗಿಯ ನಂಬರು ಒತ್ತಿದರೆ ಎಲ್ಲ ಸರಿಹೋಗುತ್ತಿತ್ತು. ಸೇತುವೆಯ ಮೇಲೆ ಬಸ್ಸು ಮುಕ್ಕಾಲು ತಾಸು ನಿಂತಿತ್ತು, ನನ್ನ ಫೋನಿಗೆ ಟವರ್ ಚೆನ್ನಾಗಿಯೇ ಇತ್ತು. ನಾನು ಮಾಡಿದ್ದೇನೆಂದರೆ, ಇದಕ್ಕೆ ವಿರುದ್ಧವಾಗಿ ಹೇಳುವ ಇನ್ನೊಂದು ವಿಡಿಯೊ ಹುಡುಕಿದೆ. ಸಿಕ್ಕಿತು. ಹುಡುಕಿದರೆ ಅಲ್ಲಿ ಎಲ್ಲವೂ ಸಿಗುತ್ತದೆ. ನಮ್ಮ ದೇಶಕ್ಕೂ ಬಂದೇ ಬರುತ್ತದೆ ಎಂದು ಮೇಜು ಕುಟ್ಟಿ ಹೇಳುವ ಅವನನ್ನೇ ನಂಬಿಕೊಂಡು ಮನೆಗೆ ಹೋಗಿ ಉಂಡು ಮಲಗಿದೆ. ಪಂಡಿತ ಎನ್ನಿಸಿಕೊಂಡವನಿಗೆ 'ನನಗೆ ಗೊತ್ತಿಲ್ಲ' ಎನ್ನುವುದು ಎಷ್ಟು ಕಷ್ಟ ಎಂದು ಬೇರೆಯವರಿಗೆ ತಿಳಿಯುವುದಿಲ್ಲ. ಅದು ನನ್ನ ಹೇಡಿತನ, ಅದಕ್ಕೆ ಬೇರೆ ಹೆಸರು ಬೇಡ.

ಫೋನು ಬಿಡುಗಡೆಯಾದದ್ದು ಜುಲೈ ಕೊನೆಯ ವಾರ, ಮಧ್ಯಾಹ್ನ. ಆಫೀಸಿನ ಮೇಜಿನ ಕೆಳಗೆ ಹಿಡಿದುಕೊಂಡು ನೋಡಿದೆ. ಉಪಗ್ರಹದ ಮಾತು ಬಂದಾಗ ಅಕ್ಷರದ ಪಕ್ಕ ಒಂದು ಚಿಕ್ಕ ನಕ್ಷತ್ರ ಕಂಡಿತು. ಪರದೆಯ ತಳದಲ್ಲಿ, ಇರುವೆ ಸಾಲಿನಂಥ ಅಕ್ಷರಗಳಲ್ಲಿ, ಆಯ್ದ ದೇಶಗಳಲ್ಲಿ ಮಾತ್ರ ಎಂದಿತ್ತು. ಆ ದೇಶಗಳ ಪಟ್ಟಿಯಲ್ಲಿ ನಮ್ಮ ಹೆಸರಿರಲಿಲ್ಲ. ಬೆಲೆಯೂ ನಾನು ಹೇಳಿದ್ದಕ್ಕಿಂತ ನಾಲ್ಕು ಸಾವಿರ ಮೇಲಿತ್ತು. ಪಂಡಿತನ ಯಾವ ಭವಿಷ್ಯವೂ ನಿಜವಾಗಲಿಲ್ಲ.

ಸಂಜೆಯೊಳಗೆ ತಂಗಿಯ ಕರೆ ಬಂತು. "ಬಂತಂತೆ ಅಲ್ಲ ಅಣ್ಣ?"

"ಬಂತು. ಅದು... ಆ ಉಪಗ್ರಹದ್ದು ಈಗ್ಲೇ ಇಲ್ಲ. ಅಪ್‌ಡೇಟ್‌ನಲ್ಲಿ ಬತ್ತದೆ."

"ಅಪ್‌ಡೇಟ್ ಅಂದ್ರೆ ಎಂತ?"

"ಫೋನಿಗೆ ತನ್ನಿಂತಾನೇ ಬರೂದು. ಸ್ವಲ್ಪ ದಿನ ಆಗ್ತದೆ."

"ಆತು," ಅಂದಳು. ಆ ಒಂದು 'ಆತು' ನನ್ನ ಕೊರಳಿಗೆ ಬಿತ್ತು. ಧಣಿಗೆ ಅವನು ಮಾತು ಕೊಟ್ಟಾಗಿತ್ತು, ಐಸ್ ಫ್ಯಾಕ್ಟರಿಗೆ ಬೇರೆಯವನು ಸೇರಿಯಾಗಿತ್ತು.

ಭಟ್ಕಳದ ಅಂಗಡಿಯಲ್ಲಿ ಫೋನು ಕೊಂಡೆ. ಒಣಮೀನು ಮಾರಿ ಅವಳು ಕೂಡಿಸಿಟ್ಟದ್ದಕ್ಕೆ, ಕಡಿಮೆ ಬಿದ್ದ ನಾಲ್ಕು ಸಾವಿರವನ್ನು ನಾನು ಹಾಕಿದೆ. ಅಷ್ಟರಿಂದ ಪಾಪ ತೊಳೆದುಹೋಗುತ್ತದೆ ಎನ್ನುವಷ್ಟು ಮೂರ್ಖ ನಾನಲ್ಲ, ಆದರೂ ಹಾಕಿದೆ. ಅಂಗಡಿಯ ಹಿರಿಯರನ್ನು ಉಪಗ್ರಹದ ಬಗ್ಗೆ ಕೇಳಿದರೆ ಕನ್ನಡಕದ ಮೇಲಿಂದ ನೋಡಿ, "ಅದು ಇಲ್ಲಿ ಇಲ್ಲ ಸಾಹೇಬ್ರೇ, ಯಾರು ಹೇಳಿದ್ರು ನಿಮಗೆ?" ಎಂದರು. ನಾನು ಬಿಲ್ಲು ಮಡಚಿ ಜೇಬಿಗೆ ಹಾಕಿಕೊಂಡೆ.

ಫೋನು ಕೊಡಲು ಹೋದಾಗ ತಂಗಿ ಅದನ್ನು ದೇವರ ಮುಂದಿಟ್ಟು ಕುಂಕುಮ ಹಚ್ಚಿದಳು. ಬೋಟು ನೋಡೋಣ ಬನ್ನಿ ಎಂದು ಅವಳ ಗಂಡ ನನ್ನನ್ನು ಬಂದರಿಗೆ ಕರೆದುಕೊಂಡು ಹೋದ. ಹೊಸ ಬಣ್ಣದ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಯಾರೂ ಹತ್ತಿರವಿಲ್ಲದ್ದು ನೋಡಿ ಅವನು ಕೇಳಿದ.

"ಭಾವ, ಅದು ನಮ್ಮಲ್ಲಿ ಆಗೂದಿಲ್ಲ ಅಲ್ಲ?"

ನಾನು ಬೋಟಿನ ಹೊಸ ಬಣ್ಣ ಮುಟ್ಟಿ ನೋಡಿದೆ.

"ನಂಗೆ ಮೊದ್ಲೇ ಗೊತ್ತಿತ್ತು. ಬಂದರದಲ್ಲಿ ಹೇಳ್ತಿದ್ರು."

"ಮತ್ತೆ ಧಣಿಗೆ ಎಂತಕ್ಕೆ ಮಾತು ಕೊಟ್ರಿ?"

"ಆ ಐಸ್ ಫ್ಯಾಕ್ಟರಿ ಕತ್ತಲೆಯಲ್ಲಿ ಗಡ್ಡೆ ಎಳೀತಾ ನಾ ಬದುಕೂದಿಲ್ಲ ಭಾವ. ಅವ್ಳು ಬಿಡೂದೇ ಇಲ್ಲ ಅಂತ ಕೂತಿದ್ಲು. ನೀವು ಹೇಳಿದ್ದು ಒಳ್ಳೇದೇ ಆತು. ಅವ್ಳಿಗೆ ಮಾತ್ರ ಹೇಳ್ಬೇಡಿ. ಫೋನು ಅದೆ ಅಂತ ಧೈರ್ಯದಲ್ಲಿ ಇರ್ಲಿ."

ನನಗೆ ಸಿಟ್ಟು ಬಂತು. ಅವನ ಮೇಲೆ ಎಷ್ಟು, ನನ್ನ ಮೇಲೆ ಎಷ್ಟು ಎಂದು ಈಗಲೂ ಬಿಡಿಸಿ ಹೇಳಲಾರೆ. "ಆತು," ಅಂದೆ.

ಆಗಸ್ಟಿನಲ್ಲಿ ಬೋಟುಗಳು ಹೋದವು. ತಂಗಿ ಎರಡು ದಿನಕ್ಕೊಮ್ಮೆ ಕರೆ ಮಾಡಿ ಅಪ್‌ಡೇಟ್ ಬಂತಾ ಎಂದು ಕೇಳುವಳು. ನಾನು ಇಲ್ಲ ಅನ್ನುವೆನು. ಬಸ್ಸಿನಲ್ಲಿ ಅವಳ ಹೆಸರು ಪರದೆಯ ಮೇಲೆ ಮೂಡಿದರೆ ಇಳಿದು ಓಡಿಹೋಗೋಣ ಅನ್ನಿಸುತ್ತಿತ್ತು. ಇಳಿಯುವುದೆಲ್ಲಿ, ಕಿಟಕಿಯ ಸೀಟು, ಪಕ್ಕದಲ್ಲಿ ಇಬ್ಬರು.

ಎರಡನೇ ಸಲ ಬೋಟು ಹೋಗಿ ಐದು ದಿನವಾದಾಗ ಗಾಳಿ ಎದ್ದಿತು. ಸಮುದ್ರಕ್ಕೆ ಇಳಿಯಬೇಡಿ ಎಂದು ಎಚ್ಚರಿಕೆ ಕೊಟ್ಟರು, ಆಗಲೇ ಇಳಿದವರ ಗತಿ ಏನೆಂದು ಯಾರೂ ಹೇಳಲಿಲ್ಲ. ಆಫೀಸಿನಿಂದ ಅರ್ಧ ದಿನದ ರಜೆ ಹಾಕಿ ತೆಂಗಿನಗುಂಡಿಗೆ ಹೋದೆ. ಮನೆಗೆ ಬೀಗವಿತ್ತು. ಎಲ್ಲಿರುತ್ತಾಳೆಂದು ಕೇಳಬೇಕಾಗಿರಲಿಲ್ಲ. ಧಣಿಯ ಅಂಗಳದಲ್ಲಿ ಹದಿನೈದು ಹೆಂಗಸರ ನಡುವೆ, ಸೆರಗು ತಲೆಗೆ ಎಳೆದುಕೊಂಡು, ತನ್ನ ಹಳೇ ಚಿಕ್ಕ ಫೋನನ್ನು ಮುಷ್ಟಿಯಲ್ಲಿ ಹಿಡಿದು ನಿಂತಿದ್ದಳು. ಹೋದ ವರ್ಷ ನಿಂತ ಜಾಗವೇ ಇರಬೇಕು. ಅವಳನ್ನು ಅಲ್ಲಿಗೆ ಮತ್ತೆ ತಂದು ನಿಲ್ಲಿಸಿದವನು ನಾನು. ನಾನು ಅಂಗಳದ ಹೊರಗೇ ನಿಂತೆ.

ಇಳಿಹೊತ್ತಿಗೆ ಧಣಿ ಜಗಲಿಗೆ ಬಂದು, ಬೋಟು ದೂರದ ಬಂದರೊಂದರಲ್ಲಿ ಲಂಗರು ಹಾಕಿದೆ, ಎಲ್ಲರೂ ಕ್ಷೇಮ, ಗಾಳಿ ಇಳಿದ ಮೇಲೆ ಬರುತ್ತಾರೆ ಎಂದು ಹೇಳಿ ಒಳಗೆ ಹೋದರು. ಹೆಂಗಸರು ಚದುರಿದರು. ತಂಗಿ ಮನೆಯ ಹಾದಿಯಲ್ಲಿ ನನ್ನ ಪಕ್ಕ ನಡೆಯುತ್ತಾ, ಮುಖ ತಿರುಗಿಸದೆ ಕೇಳಿದಳು.

"ಆ ಅಪ್‌ಡೇಟ್ ಬರೂದಿಲ್ಲ ಅಲ್ಲ ಅಣ್ಣ?"

"ಇಲ್ಲ."

"ನಿಂಗೆ ಯಾವಾಗ ಗೊತ್ತಾತು?"

"ಭಾವ ಧಣಿಗೆ ಮಾತು ಕೊಡೂದಕ್ಕಿಂತ ಮೊದ್ಲೇ."

ಅವಳು ಬೈಯುತ್ತಾಳೆಂದು ಕಾದೆ. ಬೈದಿದ್ದರೆ ಹಗುರವಾಗುತ್ತಿದ್ದೆ. ಅವಳು ಬೀಗ ತೆಗೆದು, ಚಪ್ಪಲಿ ಬಿಟ್ಟು, ಹೊಸ್ತಿಲಿನಲ್ಲಿ ನಿಂತು ಹೇಳಿದಳು. "ಹೋಗ್ಲಿ. ಅವ್ರಿಗೆ ಮಾತ್ರ ಹೇಳ್ಬೇಡ. ಅಪ್‌ಡೇಟ್ ಬಂದ್ರೆ ಮನೆಗೆ ಮಾತಾಡ್ಲಿಕ್ಕೆ ಆತದೆ ಅಂತ ಧೈರ್ಯದಲ್ಲಿ ಹೋಗಿದಾರೆ. ಇನ್ನು ಸೀಸನ್ ಮುಗಿಯೂವರೆಗೆ ಬಿಡೂಕಂತೂ ಆಗೂದಿಲ್ಲ. ಆ ಧೈರ್ಯನಾದ್ರೂ ಇರ್ಲಿ."

ಅವನಿಗೆ ಮೊದಲೇ ಗೊತ್ತು ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿ, "ಆತು," ಅಂದೆ.

ಭಾನುವಾರ ಬೋಟು ಬಂತು. ನಾನೂ ಬಂದರಿಗೆ ಹೋಗಿದ್ದೆ. ತಂಗಿಯ ಗಂಡ ಗಡ್ಡ ಬೆಳೆದ, ಉಪ್ಪು ಹಿಡಿದ ಮುಖ ಹೊತ್ತು ಬೋಟಿನಿಂದ ದಕ್ಕೆಯ ಕಟ್ಟೆಗೆ ಹಾರಿ ಇಳಿದವನೇ ಅಂಗಿಯ ಜೇಬಿನಿಂದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಫೋನು ತೆಗೆದು, ಹೆಂಡತಿಗೆ ಕೇಳುವ ಹಾಗೆ ದೊಡ್ಡದಾಗಿ ಕೇಳಿದ. "ಎಂತ ಭಾವ, ಆ ಅಪ್‌ಡೇಟ್ ಬಂತಾ?"

ತಂಗಿ ಕೈಯಲ್ಲಿದ್ದ ಬುಟ್ಟಿ ಕೆಳಗಿಟ್ಟು ನನ್ನ ಮುಖ ನೋಡಿದಳು.

"ಮುಂದಿನ ತಿಂಗಳು ಬತ್ತದಂತೆ," ಅಂದೆ.

ಇಬ್ಬರಿಗೂ ಸಮಾಧಾನವಾಯಿತು. ಸೀಸನ್ ಮುಗಿಯಲು ಇನ್ನೂ ಒಂಬತ್ತು ತಿಂಗಳಿತ್ತು.